ಅಪ್ಪ ಅಥವಾ ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವಾಗ: ನಿರ್ಧಾರದಿಂದ ಮೊದಲ ಮೂರು ತಿಂಗಳವರೆಗೆ

ಹೆಚ್ಚಿನ ಮನೆಗಳಲ್ಲಿ ಈ ನಿರ್ಧಾರ ಆಗುವುದು ಆಸ್ಪತ್ರೆಯ ಕಾರಿಡಾರಿನಲ್ಲಿ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿರುತ್ತಾರೆ, ನಾಳೆ ಡಿಸ್ಚಾರ್ಜ್ ಎಂದು ಡಾಕ್ಟರು ಹೇಳಿರುತ್ತಾರೆ, ಮನೆಯಲ್ಲಿ ಎತ್ತಿ ಕೂರಿಸುವವರಿಲ್ಲ. ಆಗ ಎಲ್ಲಿ ಹಾಸಿಗೆ ಖಾಲಿ ಇದೆಯೋ ಅದೇ ಒಳ್ಳೆಯ ಕೇಂದ್ರ ಎನಿಸುತ್ತದೆ. ಕೈಯಲ್ಲಿ ಒಂದಷ್ಟು ವಾರಗಳಾದರೂ ಸಮಯ ಇರುವವರಿಗೆ ಈ ಬರಹ. ಸಮಯವೇ ಇಲ್ಲದವರು ನೇರವಾಗಿ ಐದನೇ ಹಂತದಿಂದ ಓದಿ. ಉಳಿದದ್ದನ್ನು ಆಮೇಲೆ ಸರಿಮಾಡಿಕೊಳ್ಳಬಹುದು.

ಮೊದಲೇ ಒಂದು ಮಾತು. ಹೆಚ್ಚಿನವರು ಸಾಮಾನು ಸಾಗಿಸುವುದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ಸಾಗಿಸಬೇಕಾದದ್ದು ದಿನಚರಿಯನ್ನು. ಎಷ್ಟು ಗಂಟೆಗೆ ಏಳುತ್ತಾರೆ, ಯಾವ ಕಿವಿ ಕೇಳುತ್ತದೆ, ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋಗುತ್ತಾರೆ ಎಂಬುದೆಲ್ಲ ಇಷ್ಟು ವರ್ಷ ನಿಮ್ಮ ತಲೆಯಲ್ಲಿತ್ತು. ಅದು ಅಲ್ಲಿನ ಸಿಬ್ಬಂದಿಯ ತಲೆಗೆ ದಾಟದಿದ್ದರೆ ಎಷ್ಟು ಒಳ್ಳೆಯ ಕೇಂದ್ರವಾದರೂ ಮೊದಲ ತಿಂಗಳು ಒದ್ದಾಟವೇ.

ಹಂತ 1: ನಿಜವಾಗಿ ಬೇಕೇ ಎಂದು ನೋಡಿ

ವೃದ್ಧರ ಆರೈಕೆಯಲ್ಲಿ ಇಂದಿಗೂ ಬಳಸುವ ಒಂದು ಅಳತೆಗೋಲನ್ನು ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ತಂಡ 1963ರಲ್ಲಿ ಪ್ರಕಟಿಸಿದರು. ಅದು ಆರು ಕೆಲಸಗಳನ್ನು ನೋಡುತ್ತದೆ: ಸ್ನಾನ, ಬಟ್ಟೆ ತೊಡುವುದು, ಶೌಚಾಲಯ ಬಳಸುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಮಾಡುವುದು. ಇವುಗಳಲ್ಲಿ ಯಾವುದಕ್ಕೆ ಇನ್ನೊಬ್ಬರ ಕೈ ಬೇಕು ಎಂದು ಒಂದು ವಾರ ಬರೆದಿಡಿ. ಅದರ ಪಕ್ಕದಲ್ಲೇ ಲಾಟನ್ ಮತ್ತು ಬ್ರೋಡಿ 1969ರಲ್ಲಿ ಪಟ್ಟಿಮಾಡಿದ ಬಗೆಯ ಕೆಲಸಗಳನ್ನೂ ಬರೆಯಿರಿ: ಫೋನ್ ಮಾಡುವುದು, ಮಾತ್ರೆ ತೆಗೆದುಕೊಳ್ಳುವುದು, ಹಣ ನೋಡಿಕೊಳ್ಳುವುದು, ಅಡುಗೆ. ಎರಡನೇ ಪಟ್ಟಿಯಲ್ಲಿ ಮಾತ್ರ ತೊಂದರೆ ಇದ್ದರೆ ಮನೆಗೇ ಒಬ್ಬರನ್ನು ಗೊತ್ತುಮಾಡಿ ನಿಭಾಯಿಸಬಹುದು. ಮೊದಲ ಪಟ್ಟಿಯಲ್ಲಿ ಮೂರು ನಾಲ್ಕು ಕೈಬಿಟ್ಟಿದ್ದರೆ, ಅದರಲ್ಲೂ ರಾತ್ರಿ ಎದ್ದು ಓಡಾಡುವುದು, ಬಾಗಿಲು ತೆಗೆದು ಹೊರಗೆ ಹೋಗುವುದು ಶುರುವಾಗಿದ್ದರೆ, ಒಬ್ಬರಿಂದ ಆಗುವ ಕೆಲಸ ಅಲ್ಲ ಅದು.

ಅದಕ್ಕೂ ಮುಂಚೆ ಡಾಕ್ಟರ ಹತ್ತಿರ ಒಂದು ಪೂರ್ಣ ತಪಾಸಣೆ ಮಾಡಿಸಿ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮೂತ್ರದ ಸೋಂಕು, ಖಿನ್ನತೆ, ಕಿವಿ ಕೇಳದಿರುವುದು, ಮಾತ್ರೆಗಳ ಅಡ್ಡಪರಿಣಾಮ, ಇವೆಲ್ಲ ಮರೆಗುಳಿತನದ ವೇಷ ಹಾಕಿಕೊಂಡು ಬರಬಲ್ಲವು. ಇವುಗಳಿಗೆ ಚಿಕಿತ್ಸೆ ಇದೆ.

ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ನೋಡಿಕೊಳ್ಳುತ್ತಿರುವವರ ದೇಹ ಹೇಗಿದೆ? ಎಪ್ಪತ್ತು ದಾಟಿದ ಅಮ್ಮ ಎಂಬತ್ತರ ಅಪ್ಪನನ್ನು ಎತ್ತುತ್ತಿದ್ದರೆ ಬೇಗನೇ ಇಬ್ಬರು ರೋಗಿಗಳಾಗುತ್ತಾರೆ. ಇದನ್ನು ಲೆಕ್ಕಕ್ಕೆ ಹಿಡಿಯುವುದು ಸ್ವಾರ್ಥ ಅಲ್ಲ.

ಹಂತ 2: ಮಾತಾಡಿ, ಆದರೆ ಮೊದಲು ಒಡಹುಟ್ಟಿದವರ ಜೊತೆ

ಅಪ್ಪನ ಮುಂದೆ ಅಣ್ಣ ಒಂದು ಹೇಳಿ ತಂಗಿ ಇನ್ನೊಂದು ಹೇಳಿದರೆ, ಅವರು ತಮ್ಮ ಪರ ನಿಂತವರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅದು ಸಹಜ. ಹಾಗಾಗಿ ಮಕ್ಕಳು ಮೊದಲು ತಮ್ಮತಮ್ಮಲ್ಲೇ ಕೂತು ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು: ಖರ್ಚು ಯಾರು ಎಷ್ಟು, ಕೇಂದ್ರದವರು ರಾತ್ರಿ ಫೋನ್ ಮಾಡಿದರೆ ಎತ್ತುವವರು ಯಾರು, ಚಿಕಿತ್ಸೆಯ ನಿರ್ಧಾರದಲ್ಲಿ ಕೊನೆಯ ಮಾತು ಯಾರದು. ದೂರದೂರಿನಲ್ಲಿ ಇರುವವರು ಫೋನಿನಲ್ಲೇ ಸಲಹೆಗಳ ಮಳೆ ಸುರಿಸುವುದುಂಟು. ಅವರನ್ನು ಒಂದು ವಾರ ಬಂದು ಜೊತೆಗಿರಲು ಕರೆಯಿರಿ. ನೂರು ವಾದಕ್ಕಿಂತ ಅದು ಮೇಲು.

ಹೆತ್ತವರ ಜೊತೆ ಮಾತಾಡುವಾಗ ಒಂದೇ ಕೂತಲ್ಲಿ ಮುಗಿಸುವ ಆತುರ ಬೇಡ. ಅವರಿಗೇ ಬೇಸರ ತಂದಿರುವ ಸಂಗತಿಯಿಂದ ಶುರುಮಾಡಿ. "ರಾತ್ರಿ ಬಚ್ಚಲಿಗೆ ಹೋಗೋಕೆ ಹೆದರಿಕೆ ಆಗುತ್ತೆ ಅಂದಿದ್ರಲ್ಲ ಅಪ್ಪ, ಅದಕ್ಕೆ ಏನು ಮಾಡೋಣ?" ಎಂಬ ಪ್ರಶ್ನೆಯಲ್ಲಿ ಅವರಿಗೂ ಪಾಲಿದೆ. "ನಿಮ್ಮನ್ನ ಸೇರಿಸ್ತಿದೀವಿ" ಎಂಬುದರಲ್ಲಿ ಇಲ್ಲ. ಆಯ್ಕೆ ನಿಜವಾಗಿಯೂ ಇರುವ ಕಡೆ ಮಾತ್ರ ಆಯ್ಕೆ ಕೊಡಿ: ಎರಡರಲ್ಲಿ ಯಾವ ಕೇಂದ್ರ, ಕಿಟಕಿ ಪಕ್ಕದ ಕೋಣೆಯೇ, ಯಾವ ತಿಂಗಳು. ಬೇಡ ಎನ್ನುವ ಹಕ್ಕು ಇಲ್ಲದ ವಿಷಯವನ್ನು ಪ್ರಶ್ನೆ ಮಾಡಿ ಕೇಳಿದರೆ, ಬೇಡ ಎಂದ ಮೇಲೆ ಮುಂದಿನ ಮಾತಿಗೇ ಬೆಲೆ ಇರುವುದಿಲ್ಲ.

"ನಿನ್ನನ್ನು ಎಲ್ಲಿಗೂ ಕಳಿಸಲ್ಲ" ಎಂದು ಹಿಂದೊಮ್ಮೆ ಮಾತು ಕೊಟ್ಟಿದ್ದರೆ ಅದನ್ನು ಮರೆತವರಂತೆ ನಟಿಸಬೇಡಿ. ಆಗ ಹೇಳಿದ್ದು ಹೌದು, ಈಗ ನಮ್ಮ ಕೈಮೀರಿದೆ, ಆದರೆ ನಿನ್ನ ಕೈ ಬಿಡುವುದಿಲ್ಲ ಎಂದು ನೇರವಾಗಿ ಹೇಳುವುದು ಕಷ್ಟ. ಆದರೂ ಅದೇ ಸರಿಯಾದ ದಾರಿ.

ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಕಾಯಿಲೆ, ಮುಂದುವರಿದಿದ್ದರೆ ಇದು ಬೇರೆ. ತಿಂಗಳು ಮುಂಚೆ ಹೇಳಿದರೆ ವಿಷಯ ಮರೆತುಹೋಗುತ್ತದೆ, ಆತಂಕ ಮಾತ್ರ ಉಳಿಯುತ್ತದೆ. ಒಂದೆರಡು ದಿನ ಮುಂಚೆ, ಚಿಕ್ಕ ವಾಕ್ಯದಲ್ಲಿ ಹೇಳಿದರೆ ಸಾಕು. ಆದರೆ "ಸುಮ್ಮನೆ ಒಂದು ಸುತ್ತು ಹೋಗಿ ಬರೋಣ" ಎಂದು ಕರೆದೊಯ್ದು ಬಿಟ್ಟುಬರುವುದನ್ನು ನಾನು ಒಪ್ಪುವುದಿಲ್ಲ. ಘಟನೆ ಮರೆತರೂ ಮೋಸ ಹೋದ ಭಾವ ಮರೆಯುವುದಿಲ್ಲ, ಅದರ ಸಿಟ್ಟು ಅಲ್ಲಿನ ಸಿಬ್ಬಂದಿಯ ಮೇಲೆ ತಿರುಗುತ್ತದೆ.

ಹಂತ 3: ಕೇಂದ್ರ ಹುಡುಕುವುದು

ಎಲ್ಲ ಕೇಂದ್ರಗಳೂ ಒಂದೇ ಬಗೆಯವಲ್ಲ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಹಿರಿಯರಿಗೆ ವಸತಿ ಮತ್ತು ಊಟ ಕೊಡುವ ವೃದ್ಧಾಶ್ರಮಗಳಿವೆ. ಸ್ನಾನ, ಬಟ್ಟೆಗೆ ಸಹಾಯಕರು ಇರುವ ಕಡೆಗಳಿವೆ. ಹಗಲೂ ರಾತ್ರಿ ನರ್ಸ್ ಇರುವ ಆರೈಕೆ ಕೇಂದ್ರಗಳು, ಡಿಮೆನ್ಷಿಯಾ ಇರುವವರಿಗೇ ಮೀಸಲಾದ ಘಟಕಗಳು ಬೇರೆ. ಇವತ್ತಿನ ಸ್ಥಿತಿಗಷ್ಟೇ ಅಲ್ಲ, ಇನ್ನೆರಡು ವರ್ಷದ ಸ್ಥಿತಿಗೂ ಹೊಂದುವುದನ್ನು ನೋಡಿ. ಇನ್ನೊಮ್ಮೆ ಜಾಗ ಬದಲಿಸುವುದು ಹಿರಿಯರಿಗೆ ಮೊದಲ ಸಲಕ್ಕಿಂತ ಹಗುರವೇನೂ ಅಲ್ಲ.

ಒಂದು ಸಲ ಹೇಳಿ ಹೋಗಿ, ಇನ್ನೊಂದು ಸಲ ಹೇಳದೆ ಹೋಗಿ. ಎರಡನೆಯದು ಸಂಜೆ ಅಥವಾ ರಜಾದಿನ ಇರಲಿ, ಸಿಬ್ಬಂದಿ ಕಡಿಮೆ ಇರುವುದು ಆಗಲೇ. ಸ್ವಾಗತ ಕೋಣೆಯ ಸೋಫಾ, ಹೂದಾನಿ ನೋಡಿ ಮರುಳಾಗಬೇಡಿ. ನೋಡಬೇಕಾದದ್ದು ಅಲ್ಲಿರುವವರ ಉಗುರು, ಕನ್ನಡಕದ ಗಾಜು, ಕುಡಿಯುವ ನೀರು. ಉಗುರು ಕತ್ತರಿಸಿದೆಯೇ, ಕನ್ನಡಕ ಒರೆಸಿದೆಯೇ, ನೀರಿನ ಲೋಟ ಮಲಗಿದವರ ಕೈಗೆ ಎಟುಕುತ್ತದೆಯೇ ಅಥವಾ ಮೇಜಿನ ಆ ತುದಿಯಲ್ಲಿದೆಯೇ? ಕರೆಗಂಟೆ ಒತ್ತಿದ ಮೇಲೆ ಯಾರಾದರೂ ಬರಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ. ಮೂತ್ರದ ವಾಸನೆ ಒಂದು ಮೂಲೆಯಲ್ಲಿ ಬಂದರೆ ಈಗಷ್ಟೇ ಏನೋ ಆಗಿರಬಹುದು. ಇಡೀ ಕಟ್ಟಡದಲ್ಲಿ ಇದ್ದರೆ ಅದು ಸಿಬ್ಬಂದಿ ಸಾಲದ ವಾಸನೆ. ಸಿಬ್ಬಂದಿ ಹಿರಿಯರ ಜೊತೆ ಮಾತಾಡುತ್ತಾರೋ ಅಥವಾ ಅವರ ತಲೆಯ ಮೇಲಿನಿಂದ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೋ ಎಂಬುದೂ ಮುಖ್ಯ.

ಕೇಳಬೇಕಾದ ಪ್ರಶ್ನೆಗಳಲ್ಲಿ ಕೆಲವು ಮುಜುಗರದವು. ಆದರೂ ಕೇಳಿ:

- ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ? ಅವರಲ್ಲಿ ನರ್ಸ್ ಇದ್ದಾರೆಯೇ?
- ಯಾರಾದರೂ ಬಿದ್ದರೆ ಏನು ಮಾಡುತ್ತೀರಿ, ಮನೆಯವರಿಗೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತೀರಿ?
- ಏಳಲಾಗದವರನ್ನು ಎಷ್ಟು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತೀರಿ, ಅದನ್ನು ಬರೆದಿಡುತ್ತೀರಾ?
- ಗಲಾಟೆ ಮಾಡುವವರನ್ನು ಕಟ್ಟಿಹಾಕುತ್ತೀರಾ, ಮಾತ್ರೆ ಕೊಟ್ಟು ಮಲಗಿಸುತ್ತೀರಾ?
- ಯಾವ ಸ್ಥಿತಿ ಬಂದರೆ ನಮ್ಮವರನ್ನು ವಾಪಸ್ ಕರೆದುಕೊಂಡು ಹೋಗಿ ಎನ್ನುತ್ತೀರಿ?

ಮಾತ್ರೆಯ ಪ್ರಶ್ನೆಗೆ ಕಾರಣ ಇದೆ. ಡಿಮೆನ್ಷಿಯಾ ಇರುವ ವೃದ್ಧರಿಗೆ ಮನೋವಿಕಾರದ ಕೆಲವು ಔಷಧಗಳನ್ನು ಕೊಟ್ಟಾಗ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅತಿ ಗಂಭೀರ ಮಟ್ಟದ ಎಚ್ಚರಿಕೆ ಕೊಟ್ಟಿದೆ. ಬೇರೆ ದಾರಿಯೇ ಇಲ್ಲದಾಗ ವೈದ್ಯರು ಅಳೆದು ಸುರಿದು ಕೊಡುವುದು ಬೇರೆ, ಸಿಬ್ಬಂದಿಯ ಅನುಕೂಲಕ್ಕೆ ಕೊಡುವುದು ಬೇರೆ. "ಅಂಥದ್ದೇನೂ ಆಗಲ್ಲ ಬಿಡಿ" ಎಂದು ತೇಲಿಸುವವರಿಗಿಂತ, "ಆಗುತ್ತೆ, ಆದಾಗ ಹೀಗೆ ಮಾಡ್ತೀವಿ" ಎನ್ನುವವರು ನಂಬಿಕೆಗೆ ಅರ್ಹರು.

ಸಾಧ್ಯವಿದ್ದರೆ ಎರಡು ವಾರದ ಮಟ್ಟಿಗೆ ಸೇರಿಸಿ ನೋಡಿ. ಅನೇಕ ಕೇಂದ್ರಗಳಲ್ಲಿ ಈ ಸೌಲಭ್ಯ ಇರುತ್ತದೆ.

ಹಂತ 4: ಕಾಗದ ಪತ್ರ

ಒಪ್ಪಂದವನ್ನು ಮನೆಗೆ ತಂದು ಓದಿ, ಅಲ್ಲೇ ನಿಂತು ಸಹಿ ಹಾಕಬೇಡಿ. ಠೇವಣಿ ಯಾವಾಗ, ಎಷ್ಟು ವಾಪಸ್ಸು? ತಿಂಗಳ ಶುಲ್ಕದಲ್ಲಿ ಏನೇನು ಸೇರಿಲ್ಲ? ಡಯಾಪರ್, ಫಿಸಿಯೋಥೆರಪಿ, ಆಸ್ಪತ್ರೆಗೆ ಜೊತೆಗೆ ಬರುವ ಸಿಬ್ಬಂದಿ, ಇವು ಸಾಮಾನ್ಯವಾಗಿ ಬೇರೆ ಬಿಲ್ಲು. ಆಸ್ಪತ್ರೆಯಲ್ಲಿರುವ ದಿನಗಳಿಗೂ ಪೂರ್ತಿ ಶುಲ್ಕವೇ? ವರ್ಷಕ್ಕೆ ಎಷ್ಟು ಏರುತ್ತದೆ? "ಜವಾಬ್ದಾರರು" ಎಂದು ನಿಮ್ಮ ಸಹಿ ಕೇಳಿದರೆ, ಅದು ಸಂಪರ್ಕಕ್ಕೋ ಅಥವಾ ಬಾಕಿಯನ್ನು ನಿಮ್ಮ ಜೇಬಿನಿಂದ ಕೊಡುವ ಹೊಣೆಗೋ ಎಂದು ವಕೀಲರಿಂದ ಓದಿಸಿ.

ಅಪ್ಪ ಅಮ್ಮನ ಬುದ್ಧಿ ಚುರುಕಾಗಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ: ಬ್ಯಾಂಕ್ ವ್ಯವಹಾರಕ್ಕೆ ಅಧಿಕಾರ ಪತ್ರ, ಉಯಿಲು, ಕೊನೆಗಾಲದ ಚಿಕಿತ್ಸೆ ಬಗ್ಗೆ ಅವರದೇ ಲಿಖಿತ ಇಚ್ಛೆ. ನಿರ್ಧಾರ ಮಾಡುವ ಶಕ್ತಿ ಹೋದ ಮೇಲೆ ಇವುಗಳಿಗೆ ಸಹಿ ಹಾಕಿಸಿದರೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಾಮಾನ್ಯ ಅಧಿಕಾರ ಪತ್ರವೂ ಅನೇಕ ಕಡೆ, ಕೊಟ್ಟವರ ಬುದ್ಧಿಶಕ್ತಿ ಹೋದೊಡನೆ ರದ್ದಾಗುತ್ತದೆ. ಅದಾದ ಮೇಲೂ ಊರ್ಜಿತವಾಗಿ ಉಳಿಯುವ ಬಗೆ ನಿಮ್ಮಲ್ಲಿ ಯಾವುದು ಎಂದು ವಕೀಲರನ್ನೇ ಕೇಳಿ.

ಹಂತ 5: ಔಷಧ ಮತ್ತು ಕಡತ

ಹಳೆಯ ಚೀಟಿಗಳನ್ನು ನೋಡಿ ಪಟ್ಟಿ ಬರೆಯಬೇಡಿ. ಮನೆಯಲ್ಲಿರುವ ಎಲ್ಲ ಡಬ್ಬಿ, ಸ್ಟ್ರಿಪ್, ಸಿರಪ್, ಕಣ್ಣಿನ ಹನಿ, ಮುಲಾಮು ಒಂದು ಚೀಲಕ್ಕೆ ಸುರಿದು ಡಾಕ್ಟರ ಮುಂದೆ ಇಡಿ. ಬರೆದುಕೊಟ್ಟದ್ದು ಬೇರೆ, ಅವರು ನುಂಗುತ್ತಿರುವುದು ಬೇರೆ ಎಂಬುದು ಆಗ ಬಯಲಾಗುತ್ತದೆ. ಮಾರ್ಕ್ ಬಿಯರ್ಸ್ ಎಂಬ ವೈದ್ಯರ ತಂಡ 1991ರಲ್ಲಿ ವೃದ್ಧರಿಗೆ ಹೊಂದದ ಔಷಧಗಳ ಪಟ್ಟಿಯೊಂದನ್ನು, ಆರೈಕೆ ಕೇಂದ್ರದಲ್ಲಿ ಇರುವವರಿಗಾಗಿಯೇ ಮಾಡಿತು. ಅದು ಈಗಲೂ ಪರಿಷ್ಕರಣೆಯಾಗುತ್ತಾ ಬಳಕೆಯಲ್ಲಿದೆ. ಶೀತಕ್ಕೆ, ನಿದ್ದೆಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಕೆಲವು ಹಳೆಯ ಅಲರ್ಜಿ ಮಾತ್ರೆಗಳೂ ಅದರಲ್ಲಿವೆ. ಆ ಪಟ್ಟಿಯ ಪ್ರಕಾರ ಏನು ನಿಲ್ಲಿಸಬಹುದು ಎಂದು ಕೇಳುವುದಕ್ಕೆ ಇದೇ ಸಮಯ.

ಅಂತಿಮ ಪಟ್ಟಿಯಲ್ಲಿ ಹೆಸರು, ಪ್ರಮಾಣ, ಸಮಯದ ಜೊತೆ "ಯಾತಕ್ಕೆ" ಎಂಬ ಕಾಲಂ ಇರಲಿ. ಹೊತ್ತು ತಪ್ಪಬಾರದ ಔಷಧಗಳ ಕೆಳಗೆ ಗೆರೆ ಎಳೆಯಿರಿ. ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪ ಅಂಥದ್ದು. ಅದು ತಡವಾದರೆ ನಡೆಯುತ್ತಿದ್ದವರು ಕೂತಲ್ಲೇ ಹೆಪ್ಪುಗಟ್ಟಿದಂತಾಗುತ್ತಾರೆ, ನುಂಗುವುದೂ ಕಷ್ಟವಾಗುತ್ತದೆ. ಇನ್ಸುಲಿನ್ ಇನ್ನೊಂದು. ಕೇಂದ್ರದ ಔಷಧದ ಗಾಡಿ ಎಲ್ಲರ ಕೋಣೆ ಸುತ್ತಿ ಬರುವ ಹೊತ್ತಿಗೆ ಇವು ಕಾಯುವಂತಿಲ್ಲ ಎಂದು ನರ್ಸಿಗೆ ಬಾಯಿಬಿಟ್ಟು ಹೇಳಿ.

ಕಡತಕ್ಕೆ ಅಲರ್ಜಿ, ಹಿಂದಿನ ಆಪರೇಷನ್ನುಗಳು, ಪೇಸ್‌ಮೇಕರ್ ಕಾರ್ಡು, ಇತ್ತೀಚಿನ ರಕ್ತಪರೀಕ್ಷೆ, ಹಾಕಿಸಿದ ಲಸಿಕೆಗಳ ವಿವರ ಸೇರಲಿ. ಸೇರಿಸುವ ದಿನದ ತೂಕ ಬರೆಯಲು ಮರೆಯಬೇಡಿ. ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಹಂತ 6: ಒಂದು ಹಾಳೆಯಲ್ಲಿ ಅಮ್ಮ

ಇಡೀ ಬರಹದಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ವೈದ್ಯಕೀಯ ಕಡತದಲ್ಲಿ ಅಮ್ಮನ ಕಾಯಿಲೆಗಳಿರುತ್ತವೆ, ಅಮ್ಮ ಇರುವುದಿಲ್ಲ. ಬ್ರಿಟನ್ನಿನ ಆಲ್ಝೈಮರ್ಸ್ ಸೊಸೈಟಿ ಇಂಥ ಪರಿಚಯಕ್ಕೆಂದೇ ಒಂದು ನಮೂನೆ ಹಂಚುತ್ತದೆ. ಆದರೆ ನಮೂನೆ ಬೇಕೆಂದೇನಿಲ್ಲ, ದಪ್ಪ ಅಕ್ಷರದ ಒಂದು ಹಾಳೆ ಸಾಕು. ಎರಡಾದರೆ ಯಾರೂ ಓದುವುದಿಲ್ಲ.

ಮೇಲುಗಡೆ, ಅವರನ್ನು ಏನೆಂದು ಕರೆಯಬೇಕು. ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರನ್ನು ಸಿಬ್ಬಂದಿ "ತಾತ" ಎಂದು ಕರೆದರೆ ಅವರು ತಿರುಗಿ ನೋಡದೆ ಇರಬಹುದು. "ಮೇಷ್ಟ್ರೇ" ಎಂದರೆ ಎದ್ದು ಕೂರುತ್ತಾರೆ. ಆಮೇಲೆ ದಿನದ ಓಟ: ಏಳುವ ಹೊತ್ತು, ಸ್ನಾನ ಬೆಳಿಗ್ಗೆಯೋ ರಾತ್ರಿಯೋ, ನೀರು ಎಷ್ಟು ಬಿಸಿ, ಮಧ್ಯಾಹ್ನ ಮಲಗುವ ರೂಢಿ ಇದೆಯೇ, ರಾತ್ರಿ ದೀಪ ಬೇಕೇ. ಯಾವ ಕಿವಿಯ ಕಡೆ ನಿಂತು ಮಾತಾಡಬೇಕು. ಯಾವ ಮೊಣಕಾಲು ನೋಯುತ್ತದೆ, ಎಬ್ಬಿಸುವಾಗ ಎಲ್ಲಿ ಹಿಡಿಯಬೇಕು. ಯಾವ ಭಾಷೆಯಲ್ಲಿ ಸಲೀಸು. ಡಿಮೆನ್ಷಿಯಾ ಬಲಿತಂತೆ ಆಮೇಲೆ ಕಲಿತ ಭಾಷೆಗಳು ಜಾರಿ ಬಾಲ್ಯದ ಭಾಷೆ ಉಳಿಯುವುದು ಸಾಮಾನ್ಯ. ಹಾಗಾಗಿ ನೋವು, ನೀರು, ಬಚ್ಚಲು ಎಂಬುದಕ್ಕೆ ಅವರು ಬಳಸುವ ಮನೆಮಾತನ್ನು ಹಾಗೇ ಬರೆದುಕೊಡಿ.

ನೋವನ್ನು ಹೇಗೆ ತೋರಿಸುತ್ತಾರೆ ಎಂಬುದಕ್ಕೆ ತಪ್ಪದೆ ಒಂದು ಸಾಲು. "ನೋವಿದೆಯಾ ಅಂದರೆ ಇಲ್ಲ ಅಂತಾರೆ, ಆದರೆ ಸೆರಗಿನ ಅಂಚು ತಿರುಚೋಕೆ ಶುರು ಮಾಡ್ತಾರೆ." ಇಂಥ ಒಂದು ಸಾಲಿನಿಂದ ಎಷ್ಟೋ ಒದ್ದಾಟ ತಪ್ಪುತ್ತದೆ. ಮಾತಾಡಲಾಗದವರ ನೋವು ಎಷ್ಟೋ ಸಲ "ಹಟ", "ಗಲಾಟೆ" ಎಂದೇ ದಾಖಲಾಗುತ್ತದೆ.

ಕೊನೆಗೆ, ಕೆರಳಿಸುವ ಮತ್ತು ಸಮಾಧಾನಪಡಿಸುವ ವಿಷಯಗಳು. ತೀರಿಹೋದ ಮಗನ ವಿಷಯ ಎತ್ತಬೇಡಿ. ತೋಟದ ಬಗ್ಗೆ ಕೇಳಿ, ಒಂದು ಗಂಟೆ ಮಾತಾಡುತ್ತಾರೆ. ಹೀಗೆ. ಹಾಳೆಯ ಪ್ರತಿಗಳು ಮೂರು: ಕೋಣೆಯ ಗೋಡೆಗೆ, ನರ್ಸ್ ಕಡತಕ್ಕೆ, ಆಸ್ಪತ್ರೆಗೆ ಹೋಗಬೇಕಾದರೆ ಕೊಂಡೊಯ್ಯುವ ಚೀಲಕ್ಕೆ. ಗೋಡೆಯ ಪ್ರತಿಯಲ್ಲಿ ಖಾಸಗಿ ಸಂಗತಿ ಬೇಡ.

ಹಂತ 7: ಕೋಣೆ

ಹಾಸಿಗೆಯಿಂದ ಯಾವ ಕಡೆಗೆ ಇಳಿಯುವ ಅಭ್ಯಾಸ ಇದೆಯೋ ಆ ಕಡೆಗೇ ಇಳಿಯುವಂತೆ ಮಂಚ ಹಾಕಿಸಿ. ಎಡಕ್ಕೆ ಇಳಿದು ಅಭ್ಯಾಸವಾದವರು ನಿದ್ದೆಗಣ್ಣಿನಲ್ಲಿ ಗೋಡೆಗೆ ಮುಗ್ಗರಿಸುತ್ತಾರೆ. ಅವರದೇ ದಿಂಬು, ಹೊದಿಕೆ, ಕುರ್ಚಿ ಇದ್ದರೆ ಹೊಸದು ಕೊಳ್ಳಬೇಡಿ. ಹಳೆಯದರ ವಾಸನೆಯೂ ಬೇಕು. ದೊಡ್ಡ ಅಂಕಿಯ ಗಡಿಯಾರ, ದಿನ ತೋರಿಸುವ ಕ್ಯಾಲೆಂಡರ್, ಕೆಳಗೆ ಹೆಸರು ಬರೆದ ಫೋಟೋಗಳು. ಸಣ್ಣ ಜಮಖಾನೆ, ಎಳೆದಾಡುವ ವೈರು ಬೇಡ. ಚಪ್ಪಲಿ ಹಿಮ್ಮಡಿ ಹಿಡಿಯುವಂಥದ್ದು, ಜಾರದ ಅಟ್ಟೆಯದು.

ಪ್ರತಿ ಬಟ್ಟೆಗೂ ಅಳಿಸದ ಶಾಯಿಯಲ್ಲಿ ಹೆಸರು. ಕೇಂದ್ರಗಳಲ್ಲಿ ಕಳೆದುಹೋಗುವ ಮೂರು ವಸ್ತು ಎಂದರೆ ಹಲ್ಲಿನ ಸೆಟ್ಟು, ಕನ್ನಡಕ, ಶ್ರವಣ ಸಾಧನ. ಊಟದ ತಟ್ಟೆಯ ಕಾಗದದಲ್ಲಿ ಸುತ್ತಿಟ್ಟ ಹಲ್ಲಿನ ಸೆಟ್ಟು ಕಸಕ್ಕೆ ಹೋಗುವುದು ಹೊಸದಲ್ಲ. ಮೂರಕ್ಕೂ ಗುರುತು ಹಾಕಿ, ಫೋಟೋ ತೆಗೆದಿಡಿ, ಶ್ರವಣ ಸಾಧನದ ಬ್ಯಾಟರಿಯ ಅಳತೆ ಬರೆದುಕೊಡಿ. ಚಿನ್ನ ಮನೆಯಲ್ಲೇ ಇರಲಿ. ಉಂಗುರ ಬಿಚ್ಚಲು ಒಪ್ಪದಿದ್ದರೆ ಒಪ್ಪದಿರಲಿ, ಅದಕ್ಕೆ ಜಗಳ ಬೇಡ.

ಹಂತ 8: ಆ ದಿನ

ವಾರದ ಮೊದಲರ್ಧದ ಒಂದು ಬೆಳಿಗ್ಗೆ ಆರಿಸಿ. ಡಿಮೆನ್ಷಿಯಾ ಇರುವವರಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ ಹೆಚ್ಚುವುದುಂಟು. ವಾರಾಂತ್ಯದಲ್ಲಿ ಹೊಸಬರ ಬಗ್ಗೆ ಕೇಳಲು ವೈದ್ಯರು ಸಿಗುವುದಿಲ್ಲ. ಒಬ್ಬರು ಮುಂಚೆಯೇ ಹೋಗಿ ಕೋಣೆ ಜೋಡಿಸಿರಲಿ. ಮೆರವಣಿಗೆಯಂತೆ ಹತ್ತು ಜನ ಹೋಗಬೇಡಿ. ಊಟದ ಹೊತ್ತಿಗೆ ಸೇರುವಂತೆ ನೋಡಿಕೊಂಡರೆ ಮಾಡಲು ಒಂದು ಕೆಲಸವೂ ಕೂರಲು ಒಂದು ಜಾಗವೂ ಸಿಗುತ್ತದೆ.

ಹೊರಡುವಾಗ ಹೇಳಿಯೇ ಹೊರಡಿ. ಮುಂದೆ ಬರುವ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅವರ ಗಮನ ಹಿಡಿಯುವ ಸಿಬ್ಬಂದಿ ಪಕ್ಕದಲ್ಲಿರುವಾಗ, ಚಿಕ್ಕದಾಗಿ. ಬಾಗಿಲಲ್ಲಿ ಅರ್ಧ ಗಂಟೆ ಅಳುತ್ತಾ ನಿಂತರೆ ಅವರಿಗೆ ಸಿಗುವ ಸುದ್ದಿ ಒಂದೇ: ಇದು ಅಪಾಯದ ಜಾಗ. ಅಳು ಕಾರಿನೊಳಗೆ ಬರಲಿ.

ಹಂತ 9: ಮೊದಲ ಮೂರು ತಿಂಗಳು

ಜಾಗ ಬದಲಾದಾಗ ವೃದ್ಧರಲ್ಲಿ ಕಾಣುವ ಆತಂಕ, ನಿದ್ದೆಗೇಡು, ಮಂಕು, ಗೊಂದಲಗಳ ಗುಂಪನ್ನು ನರ್ಸಿಂಗ್ ಕ್ಷೇತ್ರ 1992ರಲ್ಲಿಯೇ ಸ್ಥಳಾಂತರದ ಒತ್ತಡ ಎಂದು ಪ್ರತ್ಯೇಕವಾಗಿ ಗುರುತಿಸಿದೆ. ಹಾಗಾಗಿ ಮೊದಲ ವಾರಗಳ ಕೊಸರಾಟವನ್ನು ನೋಡಿ ಕೇಂದ್ರವೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರಬೇಡಿ. ಸರಿಯಿಲ್ಲದ್ದನ್ನೆಲ್ಲ "ಹೊಂದಿಕೊಳ್ತಿದಾರೆ" ಎಂದು ತಳ್ಳಿಹಾಕಲೂಬೇಡಿ. ಒಂದೆರಡು ದಿನದಲ್ಲೇ ತಟ್ಟನೆ ಶುರುವಾದ, ಗಂಟೆಗೊಂದು ಥರ ಇರುವ ಗೊಂದಲ ಸ್ಥಳಾಂತರದ್ದಲ್ಲ, ಸನ್ನಿ ಇರಬಹುದು. ಹಿಂದೆ ಸೋಂಕೋ, ನೀರಿನ ಕೊರತೆಯೋ, ಮಲಬದ್ಧತೆಯೋ, ಹೊಸ ಮಾತ್ರೆಯೋ ಇರುತ್ತದೆ. ಅದೇ ದಿನ ಡಾಕ್ಟರು ನೋಡಬೇಕು.

ಸಿಬ್ಬಂದಿ ಮೊದಲ ವಾರಗಳಲ್ಲಿ ಬರಬೇಡಿ, ಬಂದರೆ ಹೊಂದಿಕೊಳ್ಳುವುದಿಲ್ಲ ಎಂದು ಹೇಳುವುದುಂಟು. ನನಗೆ ಆ ಸಲಹೆ ಹಿಡಿಸುವುದಿಲ್ಲ. ಚಿಕ್ಕ ಭೇಟಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ. ಬೆಳಗಿನ ಸಿಬ್ಬಂದಿ ಬೇರೆ, ರಾತ್ರಿಯವರು ಬೇರೆ, ಇಬ್ಬರಿಗೂ ನಿಮ್ಮ ಮುಖ ಗೊತ್ತಿರಲಿ. ಹೋದಾಗ ಸುಮ್ಮನೆ ಕೂರುವ ಬದಲು ಉಗುರು ಕತ್ತರಿಸಿ, ಕಾಲಿಗೆ ಎಣ್ಣೆ ಹಚ್ಚಿ. ಆಗ ಹಿಮ್ಮಡಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಬೆರಳಿಂದ ಒತ್ತಿ ಬಿಟ್ಟರೂ ಮಾಸದ ಕೆಂಪು ಅಲ್ಲಿ ಅಥವಾ ಬೆನ್ನಿನ ಕೊನೆಯ ಮೂಳೆಯ ಮೇಲೆ ಕಂಡರೆ ಒತ್ತಡದ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಆ ಜಾಗ ಸುತ್ತಲಿಗಿಂತ ಬಿಸಿಯಾಗಿ ಅಥವಾ ಗಟ್ಟಿಯಾಗಿ ಸಿಗುತ್ತದೆ. ಅವತ್ತೇ ನರ್ಸಿಗೆ ತೋರಿಸಿ.

ತೂಕ ತಿಂಗಳಿಗೊಮ್ಮೆ ಕೇಳಿ. ಒಂದು ತಿಂಗಳಲ್ಲಿ 5 ಶೇಕಡಾ ಅಥವಾ ಆರು ತಿಂಗಳಲ್ಲಿ 10 ಶೇಕಡಾ ಇಳಿದರೆ ಅದು ಗಂಭೀರ. 50 ಕಿಲೋ ಇದ್ದವರು ತಿಂಗಳಲ್ಲಿ ಎರಡೂವರೆ ಕಿಲೋ ಕಳೆದುಕೊಂಡರೆ ಕಾರಣ ಹುಡುಕಲೇಬೇಕು. ಎಷ್ಟೋ ಸಲ ಕಾರಣ ಹಲ್ಲಿನ ಸೆಟ್ಟು ಸಡಿಲವಾಗಿರುವುದು, ಅಥವಾ ತಿನ್ನಿಸಲು ಯಾರಿಗೂ ಪುರುಸೊತ್ತಿಲ್ಲದಿರುವುದು.

"ನನ್ನನ್ನ ಮನೆಗೆ ಕರ್ಕೊಂಡು ಹೋಗು" ಎಂಬ ಮಾತು ಬಂದೇ ಬರುತ್ತದೆ. "ಇನ್ಮೇಲೆ ಇದೇ ನಿನ್ನ ಮನೆ" ಎಂದು ತಿದ್ದಬೇಡಿ, "ನಾಳೆ ಹೋಗೋಣ" ಎಂದು ಸುಳ್ಳೂ ಬೇಡ. "ಮನೇಲಿ ಏನು ನೆನಪಾಯ್ತಮ್ಮ?" ಎಂದು ಕೇಳಿ. ಉತ್ತರದಲ್ಲಿ ಹೆಚ್ಚಾಗಿ ಕಟ್ಟಡ ಇರುವುದಿಲ್ಲ. ಚಳಿ, ಒಂಟಿತನ, ಬಚ್ಚಲಿಗೆ ಹೋಗಬೇಕೆಂಬುದು, ಎಂದೋ ತೀರಿಹೋದ ತಾಯಿ ಇರುತ್ತಾರೆ. ಒಂದಕ್ಕಾದರೂ ನಿಮ್ಮಿಂದ ಅಲ್ಲೇ ಪರಿಹಾರ ಸಾಧ್ಯ.

ದೂರು ಇದ್ದರೆ ಕಾರಿಡಾರಿನಲ್ಲಿ ಸಿಕ್ಕ ಸಹಾಯಕಿಯ ಮೇಲೆ ಕೂಗಾಡಬೇಡಿ. ಆಕೆ ಅಪ್ಪನನ್ನು ದಿನಾ ಮುಟ್ಟಿ ಮೀಯಿಸುವವಳು, ವ್ಯವಸ್ಥೆ ಮಾಡಿದವಳಲ್ಲ. ದಿನಾಂಕ, ಹೊತ್ತು, ನಡೆದದ್ದು ಬರೆದು ಮೇಲ್ವಿಚಾರಕರಿಗೆ ಕೊಟ್ಟು ಉತ್ತರ ಬರಹದಲ್ಲಿ ಕೇಳಿ. ಕಾರಣ ಹೇಳದ ಕಲೆ, ಕಂದುಗಟ್ಟಿದ ಗಾಯ, ಒಬ್ಬ ನಿರ್ದಿಷ್ಟ ವ್ಯಕ್ತಿ ಒಳಬಂದಾಗ ಮುದುಡಿಕೊಳ್ಳುವುದು ಕಂಡರೆ ಮಾತ್ರ ಈ ಮೆಟ್ಟಿಲುಗಳೆಲ್ಲ ಬೇಡ. ಫೋಟೋ ತೆಗೆಯಿರಿ, ಹೊರಗಿನ ವೈದ್ಯರಿಗೆ ತೋರಿಸಿ, ಹೊಣೆಯಿರುವ ಅಧಿಕಾರಿಗಳಿಗೆ ತಿಳಿಸಿ, ಅವರನ್ನು ಅಲ್ಲಿಂದ ಹೊರತನ್ನಿ.

ಮನೆಯಲ್ಲಿ ಉಳಿದವರು ಒಬ್ಬರಿದ್ದಾರೆ ಎಂಬುದು ಈ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಐವತ್ತು ವರ್ಷ ಜೊತೆಗಿದ್ದ ಅಮ್ಮನಿಗೆ ಈಗ ರಾತ್ರಿ ಎದ್ದು ನೋಡಿಕೊಳ್ಳಲು ಯಾರೂ ಇಲ್ಲ, ಆದರೂ ಎರಡು ಗಂಟೆಗೆ ಎಚ್ಚರವಾಗುತ್ತದೆ. ಕೇಂದ್ರಕ್ಕೆ ಹೋಗಿಬರಲು ಅವರಿಗೆ ವಾಹನ ಗೊತ್ತುಮಾಡಿ, ಅವರ ರಕ್ತದೊತ್ತಡ ತೋರಿಸಿ, ಮೊದಲ ಕೆಲವು ರಾತ್ರಿ ಯಾರಾದರೂ ಜೊತೆಗೆ ಮಲಗಿ. ಅಪ್ಪನ ಕೋಣೆ ಖಾಲಿ ಮಾಡುವುದು, ಮನೆ ಮಾರುವುದು ಮುಂತಾದ ಮಾತನ್ನು ಕನಿಷ್ಠ ಮೂರು ತಿಂಗಳು ಎತ್ತಬೇಡಿ. ಕೇಂದ್ರ ಹೊಂದದೆ ವಾಪಸ್ ಬರಬೇಕಾದರೆ ಆ ಮಂಚ ಅಲ್ಲೇ ಇರಬೇಕು.